ಬೀಗಕ್ಕೆ ಉಪಚಾರ

ಬೀಗ ತಿರುಗದಿದ್ದರೆ ಮನೆಮನೆಯಲ್ಲಿಯೂ ಮೊದಲು ಹೊರಬರುವುದು ಕೊಬ್ಬರಿ ಎಣ್ಣೆಯ ಸೀಸೆ. ಅದಿಲ್ಲವಾದರೆ ಹೊಲಿಗೆ ಯಂತ್ರದ ಎಣ್ಣೆ. ಹಿತ್ತಲ ಬಾಗಿಲಿಗೆ ನಡೆಯುವ ಈ ಉಪಚಾರವನ್ನೇ ಕಾರಿನ ಬೀಗಕ್ಕೂ ನಡೆಸುವ ಗೃಹಸ್ಥರು ಬಹಳ. ಎರಡು ತೊಟ್ಟು ಬಿಟ್ಟೊಡನೆ ಬೀಗದ ಕೈ ಸರಾಗವಾಗಿ ತಿರುಗುವುದೂ ನಿಜ. ಕಾರಿನೊಡೆಯನು ತನ್ನ ಕೈಗುಣವನ್ನು ತಾನೇ ಮೆಚ್ಚಿಕೊಳ್ಳುವುದೂ ನಿಜ. ಕೆಲವು ತಿಂಗಳು ಕಳೆದ ಮೇಲೆ ನೋಡಿದರೆ ಬೀಗವು ಮೊದಲಿಗಿಂತ ಹಟಮಾರಿಯಾಗಿರುತ್ತದೆ. ಬೀಗರಿಗೆ ಉಪಚಾರ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಬೀಗದ ಸಂಗತಿಯೂ ಹಾಗೆಯೇ.

ಕಾರಿನ ಬೀಗದ ಒಡಲಲ್ಲಿ ಒಂದು ಉರುಳೆ ಇರುತ್ತದೆ. ಅದರೊಳಗೆ ಸಾಲಾಗಿ ಲೋಹದ ತೆಳುಬಿಲ್ಲೆಗಳು. ಒಂದೊಂದಕ್ಕೂ ಒಂದು ಪುಟ್ಟ ಸ್ಪ್ರಿಂಗು. ಬೀಗದ ಕೈಯ ಕಚ್ಚುಗಳು ಎಲ್ಲ ಬಿಲ್ಲೆಗಳನ್ನೂ ಸರಿಯಾದ ಮಟ್ಟಕ್ಕೆ ತಂದಾಗ ಮಾತ್ರ ಉರುಳೆ ತಿರುಗುತ್ತದೆ. ಅಮೆರಿಕದ ಲೈನಸ್ ಯೇಲ್ 1861 ಮತ್ತು 1865ರಲ್ಲಿ ಪೇಟೆಂಟ್ ಪಡೆದ ಬೀಗಗಳಲ್ಲಿ ಬಿಲ್ಲೆಗಳ ಬದಲು ಸಣ್ಣ ಕಡ್ಡಿಗಳಿದ್ದುವು. ತತ್ತ್ವ ಮಾತ್ರ ಇದೇ. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಎಣ್ಣೆಯು ಬೀದಿಯ ಧೂಳನ್ನೆಲ್ಲ ಹಿಡಿದಿಟ್ಟು ಜಿಗುಟು ಮಾಡುತ್ತದೆ. ಒಂದು ಬಿಲ್ಲೆ ಅದರಲ್ಲಿ ಸಿಕ್ಕಿಬಿದ್ದರೂ ಸಾಕು, ಬೀಗ ಅಲುಗದು. ಕೊಬ್ಬರಿ ಎಣ್ಣೆಯದು ಇನ್ನೂ ಒಂದು ದೋಷ: ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗಿನಲ್ಲಿ ಬೆಂಗಳೂರಿನ ಬಚ್ಚಲುಮನೆಯ ಸೀಸೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೀಗಕ್ಕೆ ಬೇಕಾದುದು ಒಣಮದ್ದು; ಅದು ಗ್ರಾಫೈಟ್ ಪುಡಿ. ಇಂಗಾಲದ ಪದರಗಳು ಒಂದರ ಮೇಲೊಂದು ಜಾರುವುದರಿಂದ ಅದಕ್ಕೆ ಆ ನುಣುಪು. ಚಿಟಿಕೆಯಷ್ಟಾದರೆ ಸಾಕು. ಪುಡಿ ದೊರೆಯದಿದ್ದರೆ ಮಗಳ ಚಿತ್ರಕಲೆಯ ಪೆಟ್ಟಿಗೆಯಿಂದ ಒಂದು 6ಬಿ ಪೆನ್ಸಿಲನ್ನು ಸಾಲವಾಗಿ ಪಡೆಯಬಹುದು. ಪೆನ್ಸಿಲಿನ ಸೀಸವೆಂದು ಕರೆಸಿಕೊಳ್ಳುವುದು ಸೀಸವಲ್ಲ. ಗ್ರಾಫೈಟೂ ಜೇಡಿಮಣ್ಣೂ ಕೂಡಿದ ಕಡ್ಡಿ. ಪೆನ್ಸಿಲು ಮೆದುವಾದಷ್ಟೂ ಮಣ್ಣು ಕಡಿಮೆ. ಅದನ್ನು ಬೀಗದ ಕೈಯ ಎರಡು ಮುಖಗಳಿಗೂ ಕಚ್ಚುಗಳಿಗೂ ಚೆನ್ನಾಗಿ ತೀಡಿ, ತಿರುಗಿಸದೆ ಏಳೆಂಟು ಬಾರಿ ಒಳಕ್ಕೂ ಹೊರಕ್ಕೂ ಆಡಿಸಿ, ಬಳಿಕ ಮೆಲ್ಲನೆ ತಿರುಗಿಸಬೇಕು. ಕೊನೆಯಲ್ಲಿ ಹಳೆಯ ಬಟ್ಟೆಯಿಂದ ಒರಸಲು ಮರೆತರೆ ಬಿಳಿಯ ಅಂಗಿಯ ಜೇಬು ಸಾಕ್ಷಿ ಹೇಳುತ್ತದೆ.

ಈಗಾಗಲೇ ಎಣ್ಣೆ ಕುಡಿದ ಬೀಗಕ್ಕೆ ಈ ಪುಡಿಯನ್ನು ಹಾಕಿದರೆ ಎರಡೂ ಬೆರೆತು ಕಾಡಿಗೆಯಾಗುತ್ತದೆ. ಅದನ್ನು ಮೊದಲು ಬೇಗ ಆರುವ ಶುದ್ಧಿದ್ರಾವಣದಿಂದ ತೊಳೆದು ಒಣಗಿಸಬೇಕು. ಎಲ್ಲ ರೋಗಕ್ಕೂ ಮದ್ದೆಂದು ಹೆಸರಾಗಿರುವ ಡಬ್ಲ್ಯೂಡಿ-40 ಎಂಬ ದ್ರವವು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು ಲೋಹದ ಮೇಲಿನ ನೀರನ್ನು ಓಡಿಸುವುದಕ್ಕೆ. ಮಳೆನೀರು ಹೊಕ್ಕ ಬೀಗಕ್ಕೆ ಅದು ಒಳ್ಳೆಯದೇ. ಆದರೆ ಅದೂ ಎಣ್ಣೆಯ ತೆಳುಪೊರೆಯನ್ನು ಉಳಿಸಿಹೋಗುತ್ತದೆ. ಮಂಗಳೂರು, ಕಾರವಾರಗಳ ತೇವದ ಉಪ್ಪುಗಾಳಿಯಲ್ಲಿ ಗ್ರಾಫೈಟಿಗಿಂತ ಒಣ ಟೆಫ್ಲಾನ್ ಸಿಂಪಡಿಕೆಯೇ ಮೇಲು. ಇಗ್ನಿಷನ್ನಿನ ಬೀಗದಲ್ಲಂತೂ ಪುಡಿಯನ್ನು ಸುರಿಯಲೇಬಾರದು: ಅದರ ಹಿಂದೆ ವಿದ್ಯುತ್ತಿನ ಸ್ವಿಚ್ಚಿದೆ, ಗ್ರಾಫೈಟ್ ವಿದ್ಯುದ್ವಾಹಕ.

ಮದ್ದಿಗೆ ಮೊದಲು ರೋಗವನ್ನು ಅರಿಯುವುದು ಜಾಣತನ. ಪೆಟ್ಟಿಗೆಯೊಳಗಿನ ಎರಡನೆಯ ಬೀಗದ ಕೈಯನ್ನು ಹಾಕಿ ನೋಡಬೇಕು. ಅದು ಸಲೀಸಾಗಿ ತಿರುಗಿದರೆ ದೋಷ ಬೀಗದ್ದಲ್ಲ, ಸವೆದ ಕೈಯದು. ಹೊಸದನ್ನು ಮಾಡಿಸುವಾಗ ಸವೆಯದುದನ್ನೇ ಮಾದರಿಯಾಗಿ ಕೊಡಬೇಕು. ಸವೆದುದನ್ನು ಕೊಟ್ಟರೆ ಸವಕಲೂ ನಕಲಾಗುತ್ತದೆ. ಇಗ್ನಿಷನ್ನಿನಲ್ಲಿ ಕೈ ತಿರುಗದಿರುವುದಕ್ಕೆ ಎಷ್ಟೋ ಬಾರಿ ಸ್ಟಿಯರಿಂಗಿನ ಬೀಗವೇ ಕಾರಣ. ಚಕ್ರವನ್ನು ಅತ್ತಿತ್ತ ಕೊಂಚ ಒತ್ತುತ್ತ ಕೈಯನ್ನು ಹಗುರವಾಗಿ ತಿರುಗಿಸಿದರೆ ಬಿಡುತ್ತದೆ. ಇಕ್ಕಳವನ್ನು ಮಾತ್ರ ಮುಟ್ಟಬಾರದು. ಕನ್ನಡವು ಅದನ್ನು ‘ಕೈ’ ಎಂದೇ ಕರೆದಿದೆ. ಇಕ್ಕಳದಲ್ಲಿ ಹಿಡಿದು ತಿರುಚಿದ ಕೈ ಮುರಿಯದೆ ಉಳಿದೀತೆ?

ದೂರದಿಂದ ಗುಂಡಿ ಒತ್ತಿ ಬಾಗಿಲು ತೆರೆಯುವ ಕಾರುಗಳವರು ಈ ಚಿಂತೆ ತಮಗಿಲ್ಲವೆಂದು ಭಾವಿಸುತ್ತಾರೆ. ಅಪಾಯ ಹೆಚ್ಚಾಗಿರುವುದು ಅವರಿಗೇ. ವರ್ಷಗಟ್ಟಲೆ ಯಾರೂ ಮುಟ್ಟದ ಬೀಗದ ಕಂಡಿಯಲ್ಲಿ ಧೂಳೂ ತುಕ್ಕೂ ಸಂಸಾರ ಹೂಡಿರುತ್ತವೆ. ಆರತಕ್ಷತೆ ಮುಗಿಸಿ, ಹೆಗಲ ಮೇಲೆ ನಿದ್ದೆಹೋದ ಮಗುವಿನೊಡನೆ ಹೊರಬಂದ ರಾತ್ರಿಯೇ ಕಾರಿನ ಬ್ಯಾಟರಿ ಕೈಕೊಟ್ಟರೆ ಗುಂಡಿಗೆ ಬಾಗಿಲು ಓಗೊಡದು. ಆಗ ಉಳಿಯುವ ದಾರಿ ಆ ಕಂಡಿಯೊಂದೇ. ಎಷ್ಟೋ ಕಾರುಗಳಲ್ಲಿ ಗುಂಡಿಯ ಗೂಡಿನೊಳಗೇ ಒಂದು ಲೋಹದ ಕೈಯನ್ನು ಅಡಗಿಸಿಟ್ಟಿರುತ್ತಾರೆ. ಕಂಡಿಯನ್ನು ಬಾಗಿಲ ಹಿಡಿಯ ಪುಟ್ಟ ಮುಚ್ಚಳದ ಹಿಂದೆ ಮರೆಸಿರುವುದೂ ಉಂಟು. ಈ ಎರಡನ್ನೂ ಹಗಲು ಬೆಳಕಿನಲ್ಲಿ ಹುಡುಕಿ, ತಿಂಗಳಿಗೊಮ್ಮೆ ಚಾಲಕನ ಬಾಗಿಲನ್ನು ಬೀಗದ ಕೈಯಿಂದಲೇ ತೆರೆದು ಮುಚ್ಚಿದರೆ ಬಿಲ್ಲೆಗಳು ಆಡುತ್ತಿರುತ್ತವೆ. ಆ ಕೈ ಎಲ್ಲಿದೆಯೆಂಬುದು ಮನೆಯಾಕೆಗೂ ತಿಳಿದಿರಲಿ.