ಕುರ್ಚಿ ಸಿಕ್ಕಿತು, ಮನೆ ಸಿಗಲಿಲ್ಲ!

ಬೇರೆ ಬಣ್ಣದ ಮೇಷ್ಟ್ರೊಬ್ಬರನ್ನು ಕಾಲೇಜಿಗೆ ನೇಮಿಸಿ, ಪೇಪರಿನಲ್ಲಿ ಸುದ್ದಿ ಬಂದ ಮಾತ್ರಕ್ಕೆ ಎಲ್ಲರಿಗೂ ಬಾಗಿಲು ತೆರೆದಂತಾಯಿತೇ? ಅಮೆರಿಕದ ಇತಿಹಾಸ ಪ್ರೊಫೆಸರ್ ಜಾನ್ ಹೋಪ್ ಫ್ರಾಂಕ್ಲಿನ್ (1915–2009) ಅವರ ಬದುಕು ಬಲ್ಲವರು ಹಾಗನ್ನಲಾರರು.

1956ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜು ಇವರನ್ನು ಇತಿಹಾಸ ವಿಭಾಗದ ಮುಖ್ಯಸ್ಥರಾಗಿ ಕರೆಸಿಕೊಂಡಿತು. ವಿಭಾಗದಲ್ಲಿದ್ದವರು 52 ಅಧ್ಯಾಪಕರು. ಅಷ್ಟೂ ಮಂದಿ ಬಿಳಿಯರು. ಅವರ ಮೇಲೆ ಕಪ್ಪು ಮನುಷ್ಯ ಮುಖ್ಯಸ್ಥ! 'ನ್ಯೂಯಾರ್ಕ್ ಟೈಮ್ಸ್' ಮುಖಪುಟದಲ್ಲೇ ಸುದ್ದಿ ಹಾಕಿತು. ಭೇಷ್ ಅನ್ನಬೇಕಾದ್ದೇ. ಆದರೆ ಕಾಲೇಜಿನ ಹತ್ತಿರ ಒಂದು ಮನೆ ಕೊಳ್ಳೋಣ ಅಂತ ಹೊರಟರೆ ದಲ್ಲಾಳಿಗಳು ಮನೆ ತೋರಿಸೋಕೇ ತಯಾರಿಲ್ಲ. ಮನೆ ಸಿಕ್ಕಾಗ ಸಾಲ ಹುಟ್ಟಲಿಲ್ಲ. ವರ್ಷಕ್ಕೂ ಮೇಲೆ ಅಲೆದಾಟ. ಪುಸ್ತಕ ಬರೆಯಬೇಕಾದ ವಿದ್ವಾಂಸ ಸಾಲಕ್ಕಾಗಿ ಮೆಟ್ಟಿಲು ಹತ್ತಿ ಇಳಿಯಬೇಕಾಯಿತು. ಕಾಲೇಜು ಕುರ್ಚಿ ಕೊಟ್ಟಿತ್ತು, ಊರು ಜಾಗ ಕೊಡಲಿಲ್ಲ.

ಇದೇನೂ ಅವರಿಗೆ ಹೊಸದಲ್ಲ. 1939ರಲ್ಲಿ, ಹಾರ್ವರ್ಡಿನ ಪಿಎಚ್.ಡಿ.ಗೆ ಬೇಕಾದ ಕಾಗದಪತ್ರ ಹುಡುಕಿಕೊಂಡು ಉತ್ತರ ಕ್ಯಾರೊಲಿನಾ ರಾಜ್ಯದ ದಾಖಲೆ ಕಚೇರಿಗೆ ಹೋಗಿದ್ದರು. ಕಪ್ಪು ಮನುಷ್ಯನೊಬ್ಬ ಸಂಶೋಧನೆಗೆ ಬರ್ತಾನೆ ಅಂತ ಆ ಕಟ್ಟಡ ಕಟ್ಟಿದವರು ಎಣಿಸಿಯೇ ಇರಲಿಲ್ಲವಂತೆ! ಕೆಲವು ದಿನ ಕಾಯಿಸಿ, ಬೇರೆಯದೇ ಕೋಣೆ ಕೊಟ್ಟರು. ಕಾಗದಗಳನ್ನು ತಂದುಕೊಡುವ ಬಿಳಿ ಹುಡುಗರು ಇವರ ಸೇವೆ ಮಾಡಬಾರದಲ್ಲ, ಅದಕ್ಕೆ ದಾಖಲೆಗಳನ್ನಿಟ್ಟ ಜಾಗದ ಬೀಗದ ಕೈಯನ್ನೇ ಇವರ ಕೈಗಿತ್ತರು. ಉಗ್ರಾಣದ ಬೀಗದ ಕೈ ಹೊರಗಿನವರ ಕೈಗೆ ಹೋಗುವುದೆಂದರೇನು ಎಂದು ಅಂಗಡಿ ಇಟ್ಟವರಿಗೆ ಹೇಳಬೇಕಾಗಿಲ್ಲ. ಎರಡು ವಾರದಲ್ಲಿ ಬಿಳಿ ಸಂಶೋಧಕರು ಗಲಾಟೆ ಎಬ್ಬಿಸಿದರು: ಇದು ತಾರತಮ್ಯ, ನಮಗೂ ಕೈ ಕೊಡಿ! ಕೊನೆಗೆ ಕಚೇರಿ ಕೈಯನ್ನು ವಾಪಸು ಪಡೆದು, ಇವರಿಗೂ ಕಾಗದ ತಂದುಕೊಡಿ ಎಂದು ಹುಡುಗರಿಗೆ ಅಪ್ಪಣೆ ಮಾಡಿತು. ನ್ಯಾಯ ಕೆಲವೊಮ್ಮೆ ಹೊಟ್ಟೆಕಿಚ್ಚಿನ ಬೆನ್ನೇರಿ ಬರುತ್ತದೆ ನೋಡಿ.

'ಯೋಗ್ಯತೆ ಇದ್ದರೆ ತಾನೇ ಮೇಲೆ ಬರ್ತಾನೆ' ಅನ್ನುವ ಮಹಾಶಯರು ಎಲ್ಲ ಕಡೆಯೂ ಇದ್ದಾರೆ. ಇವರಿಗಿಂತ ಯೋಗ್ಯತೆ ಇನ್ನೇನು ಬೇಕಿತ್ತು ಸ್ವಾಮಿ? 1940ರ ದಶಕದಲ್ಲಿ ಡರಮ್ ಊರಿನ ಕಪ್ಪು ಜನರ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಕಪ್ಪು ಜನರ ಇತಿಹಾಸದ ದೊಡ್ಡ ಗ್ರಂಥ ಸಿದ್ಧಪಡಿಸಿದರು. 1947ರಲ್ಲಿ ಪ್ರಕಟವಾದ ಅದು ಮರುಮುದ್ರಣ ಕಾಣುತ್ತಲೇ ಬಂದಿದೆ. ಅದೇ ಊರಿನಲ್ಲಿದ್ದ ಡ್ಯೂಕ್ ವಿಶ್ವವಿದ್ಯಾಲಯ ಮಾತ್ರ 1961ರವರೆಗೆ ಕಪ್ಪು ವಿದ್ಯಾರ್ಥಿಯೊಬ್ಬನನ್ನೂ ಸೇರಿಸಿಕೊಳ್ಳಲಿಲ್ಲ. ಆಮೇಲೆ 1982ರಲ್ಲಿ ಇವರನ್ನೇ ಪ್ರೊಫೆಸರಾಗಿ ಕರೆಯಿತು!

ಮೇಷ್ಟ್ರು ಕುರ್ಚಿಗೆ ಅಂಟಿ ಕೂತವರಲ್ಲ. ಬಣ್ಣ ನೋಡಿ ಶಾಲೆ ಬೇರೆ ಮಾಡುವುದರ ವಿರುದ್ಧ ಹೂಡಿದ್ದ ದಾವೆಗೆ ಇತಿಹಾಸದ ಪುರಾವೆ ಒದಗಿಸಿಕೊಟ್ಟವರಲ್ಲಿ ಇವರೂ ಒಬ್ಬರು. ಆ ದಾವೆ 1954ರಲ್ಲಿ ಗೆದ್ದಿತು. ಕಪ್ಪು ಜನರ ಕಥೆಯನ್ನು ಅಮೆರಿಕದ ಕಥೆಯೊಳಗೇ ಓದಬೇಕು, ಹಿತ್ತಲಲ್ಲಿ ಬೇರೆ ಗುಡಿಸಲು ಹಾಕಿಡುವುದಲ್ಲ ಎಂಬುದು ಅವರ ಹಟ. ಆ ಹಟವೇ ಸರಿ. ಬೇರೆ ಬೇರೆ ಜನ ಒಂದೇ ಕ್ಲಾಸಿನಲ್ಲಿ ಕೂತು, ಓದುವ ಪಾಠ ಮಾತ್ರ ಒಬ್ಬರದೇ ಆದರೆ ಕೂತು ಪ್ರಯೋಜನವೇನು?

1995ರಲ್ಲಿ ಅಧ್ಯಕ್ಷ ಕ್ಲಿಂಟನ್ ದೇಶದ ಅತ್ಯುನ್ನತ ನಾಗರಿಕ ಪದಕ ಘೋಷಿಸಿದರು. ಹಿಂದಿನ ಸಂಜೆ ವಾಷಿಂಗ್ಟನ್ನಿನ ಕ್ಲಬ್ಬೊಂದರಲ್ಲಿ ಗೆಳೆಯರಿಗೆ ಊಟ ಹಾಕಿಸಿದ್ದರು. ಎಂಬತ್ತರ ಆ ಹಿರಿಯರ ಕೈಗೆ ಬಿಳಿಯ ಹೆಂಗಸೊಬ್ಬಳು ಚೀಟಿ ಕೊಟ್ಟು, ತನ್ನ ಕೋಟು ತಂದುಕೊಡು ಅಂದಳು. ಇಲ್ಲಿನ ಆಳುಗಳೆಲ್ಲ ಸಮವಸ್ತ್ರದಲ್ಲಿದ್ದಾರೆ, ಅವರಿಗೆ ಕೊಟ್ಟರೆ ಕೋಟು ಸಿಕ್ಕೀತು ಅಂದರು ಪ್ರೊಫೆಸರು.