ಭಾವಚಿತ್ರವಿಲ್ಲದ ಉಪದೇಶಿಗಳು

ಕಳೆದುಹೋದ ಹತ್ತೊಂಬತ್ತನೆಯ ಶತಮಾನದ ಮೆಥೋಡಿಸ್ಟ್ ಬೋಧಕರ ಭಾವಚಿತ್ರಗಳನ್ನೂ ಚರಿತ್ರೆಗಳನ್ನೂ ಹಳೆಯ ಮಿಷನ್ ಗ್ರಂಥಗಳಲ್ಲಿ ಕಾಣುತ್ತೇವೆ. ಅದು ಯೋಗ್ಯವೇ ಸರಿ. ವಿಲಿಯಂ ಆರ್ಥರರು 1839ರಲ್ಲಿ ಗುಬ್ಬಿಗೆ ಬಂದು, ದೇಹಸ್ಥಿತಿ ಕೆಟ್ಟು ಬೇಗನೆ ಹಿಂದಿರುಗಿದರೂ, 1847ರಲ್ಲಿ ಮೈಸೂರು ಸೀಮೆಯ ವೃತ್ತಾಂತವನ್ನು ಪುಸ್ತಕವಾಗಿ ಪ್ರಕಟಿಸಿದರು. ಡೇನಿಯಲ್ ಸ್ಯಾಂಡರ್ಸನ್ನರು ರೀವರ ಕನ್ನಡ ನಿಘಂಟನ್ನು ತಿದ್ದಿ ಬೆಳೆಯಿಸಿ 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಹೊರತಂದರು. ಹೆನ್ರಿ ಹೇಗರು 1887ರಲ್ಲಿ ಮೈಸೂರಿನಲ್ಲಿ ‘ವೃತ್ತಾಂತ ಪತ್ರಿಕೆ’ಯನ್ನು ಆರಂಭಿಸಿದರು.

ಆದರೆ ಈ ದೊರೆಗಳಿಗೆ ನಮ್ಮ ನುಡಿಯನ್ನು ಕಲಿಸಿದ ಮುನ್ಷಿಗಳ, ಅವರೊಡನೆ ಸಂತೆಗಳಲ್ಲಿ ನಿಂತು ಬೋಧಿಸಿದ ಉಪದೇಶಿಗಳ, ಮನೆಮನೆಗೆ ಹೋಗಿ ಹೆಂಗಸರಿಗೆ ಅಕ್ಷರ ಹೇಳಿಕೊಟ್ಟ ಬೈಬಲ್ ಸ್ತ್ರೀಯರ ಮುಖಗಳನ್ನು ಎಲ್ಲಿ ನೋಡೋಣ? ಹಳೆಯ ವರದಿಗಳಲ್ಲಿ ಅನೇಕರು ಹೆಸರಿಲ್ಲದೆ ಬರಿಯ ಉಪದೇಶಿಯೆಂದೇ ಕಾಣಿಸಿಕೊಳ್ಳುವರು. ಕೆಲಸದಲ್ಲಿ ಸಮಭಾಗಿಗಳಾದವರು ಕೀರ್ತಿಯಲ್ಲಿ ಹೊರಗುಳಿದುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ.

ಆದುದರಿಂದ ಮಾನ್ವಿ ಸೀಮೆಯ ಹಿರೇಕೊಟ್ನೆಕಲ್ಲಿನಂಥ ಊರುಗಳ ತಾಯ್ತಂದೆಗಳನ್ನೂ ಹಳೆಯ ವಿದ್ಯಾರ್ಥಿನಿಯರನ್ನೂ ನಾವು ಬೇಡುವುದಿಷ್ಟೆ: ಮನೆಯ ಹಿರಿಯರು ತಮ್ಮ ಹಿರಿಯರಿಂದ ಕೇಳಿದುದನ್ನು ಬರೆದಿಡಿರಿ. ಉಪದೇಶಿಯ ಹೆಸರು, ಹುಟ್ಟಿದ ಊರು, ಕಾಲ್ನಡೆಯಲ್ಲಿ ತಿರುಗಿದ ಹಳ್ಳಿಗಳು, ಅವನ ಹೆಂಡತಿಯ ಹೆಸರೂ ಇರಲಿ. ಅದನ್ನೇ ಎಲ್ಲರೂ ಮರೆಯುವುದು. ಪೆಟ್ಟಿಗೆಯೊಳಗಿನ ಹಳೆಯ ಬೈಬಲಿನ ಮೊದಲ ಪುಟವನ್ನೂ ಗೆದ್ದಲು ಹಿಡಿಯುವ ಮುನ್ನ ತೆರೆದು ನೋಡಿರಿ.