ಹಳದಿ ಹೂವಿನ ಬಳ್ಳಿ ಗರುಗ ಅಲ್ಲ, ಕೇಳ್ರಿ

ಹೋದ ವಾರ ನಮ್ಮ ವೈನಿ ದಾಂಡೇಲಿಯಿಂದ ಬರೋವಾಗ ಒಂದು ಕಟ್ಟು ಸೊಪ್ಪು ತಂದ್ರು. "ಭೃಂಗರಾಜ ಅದ, ಎಣ್ಣಿ ಕಾಸು, ಕೂದಲ ಉದುರೋದು ನಿಲ್ತದ" ಅಂದ್ರು. ಬಿಚ್ಚಿ ನೋಡಿದ್ರ, ಗೇಟಿನ ಮುಂದ ಚಂದ ಕಾಣ್ಲಿ ಅಂತ ಜನ ಹಚ್ಚತಾರಲ್ಲ, ಅದೇ ಹಳದಿ ಹೂವಿನ ಬಳ್ಳಿ. "ವೈನೀ, ಇದು ಗರುಗ ಅಲ್ಲರಿ" ಅಂದೆ. "ಮೊಬೈಲಿನ್ಯಾಗ ಇದನ್ನ ತೋರಿಸ್ಯಾರ" ಅಂತ ಸಿಟ್ಟಾದ್ರು. ತಲಿಗೆ ಹಚ್ಚಿಕೊಳ್ಳೋರು ನಾವೋ, ಮೊಬೈಲೋ?

ನಮ್ಮ ಅವ್ವ ಗರುಗ ಗುರುತಿಸಲಿಕ್ಕೆ ಯಾರನ್ನೂ ಕೇಳತಿರಲಿಲ್ಲ. ಹೂವು ಬಿಳಿ, ಅಂಗಿ ಗುಂಡಿಗಿಂತ ಸಣ್ಣದು. ಎಲಿ ಉದ್ದ, ಮುಟ್ಟಿದ್ರ ಒರಟು. ದಂಟು ಮುರಿದು ತಿಕ್ಕಿದ್ರ ಸ್ವಲ್ಪ ಹೊತ್ತಿಗೆ ಬೆರಳು ಕಪ್ಪಾಗತಾವ. ವೈನಿ ತಂದ ಸೊಪ್ಪನ್ನ ಅವರ ಕೈಯಾಗೇ ತಿಕ್ಕಿಸಿದೆ. ಕಪ್ಪಾಗಲೇ ಇಲ್ಲ. ಎಲಿ ದಪ್ಪ, ಮಿರಿ ಮಿರಿ ಮಿಂಚತದ, ಎರಡೂ ಬದಿಗೆ ಕಿವಿ ಚಾಚಿ ಮೂರು ಸೀಳಾಗೇದ. ನೆಲ ಮುಟ್ಟಿದ ಗೆಣ್ಣಿಗೆಲ್ಲ ಬೇರು. ಹಳದಿ ಹೂವಿನ ದೇಸಿ ಭೃಂಗರಾಜವೂ ಒಂದು ಅದ, ಒಪ್ಪತೇನಿ. ಆದ್ರ ಅದರ ಎಲಿ ಹಿಂಗ ಮೂರಾಗಿ ಸೀಳಿರೂದಿಲ್ಲ.

ನರ್ಸರಿಯವರು ಇದಕ್ಕ ವೆಡೇಲಿಯಾ ಅಂತಾರ. ಮೂಲ ಮೆಕ್ಸಿಕೋ, ಮಧ್ಯ ಅಮೆರಿಕ, ಕೆರಿಬಿಯನ್ ಕಡೆಯದು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯೊಳಗ ಇದರ ಹೆಸರದ. ಅಂಥಾದ್ದನ್ನ ರೊಕ್ಕ ಕೊಟ್ಟು ತಂದು, ಅದೂ ಹುಲಿ ಕಾಡಿನ ಅಂಚಿನ್ಯಾಗ ಹಚ್ಚತೇವಲ್ಲ! "ನೀರು ಬ್ಯಾಡ, ಗೊಬ್ಬರ ಬ್ಯಾಡ, ತಾನೇ ಹಬ್ಬತದ" ಅಂತ ಹೊಗಳಿ ಮಾರತಾರ. ತಾನೇ ಹಬ್ಬೂದೇ ರೋಗರಿ.

ನಾನೇನು ಸಾಚಾ ಅಲ್ಲ. ಮೂರು ವರ್ಷದ ಹಿಂದ ಬಟ್ಟಿ ಒಗಿಯೋ ಕಲ್ಲಿನ ಹತ್ರ ನಾಲ್ಕು ತುಂಡು ನಾನೇ ಹಚ್ಚಿದ್ದೆ. ಮೊದಲನೇ ಮಳಿಗೆ ಚಂದ ಕಂಡಿತು. ಎರಡನೇ ಮಳಿಗೆ ತಂಬುಳಿಗೆ ಕೀಳತಿದ್ದ ಒಂದೆಲಗ ಅದರ ಅಡಿಗೆ ಹೋತು. ಈಗ ಅಲ್ಲಿ ಅಸಲಿ ಗರುಗದ ಒಂದು ಗಿಡಾನೂ ಇಲ್ಲ. ಗರುಗದ ಜಾಗ ನುಂಗಿದ್ದು ಇದೇ, ಗರುಗದ ಹೆಸರಿನ್ಯಾಗ ಎಣ್ಣಿಗೆ ಬರೂದೂ ಇದೇ!

ಕೀಳೋರಿಗೆ ಒಂದು ಮಾತು. ಕಿತ್ತದ್ದನ್ನ ಹಳ್ಳಕ್ಕ ಒಗೀಬ್ಯಾಡ್ರಿ, ಗೊಬ್ಬರಗುಂಡಿಗೂ ಹಾಕಬ್ಯಾಡ್ರಿ. ಇದು ಹೆಚ್ಚಾಗಿ ಹಬ್ಬೂದು ಬೀಜದಿಂದಲ್ಲ, ತುಂಡಿನಿಂದ. ಹಸಿ ಗೆಣ್ಣು ಒಂದು ಉಳಿದ್ರ ಸಾಕು, ಮತ್ತ ಚಿಗರತದ. ತಾಡಪತ್ರಿ ಮ್ಯಾಲೆ ಹರವಿ ಬಿಸಲಿನ್ಯಾಗ ಗರಿಗರಿ ಒಣಗಸ್ರಿ. ತಿಂಗಳು ಬಿಟ್ಟು ಅದೇ ಜಾಗ ಮತ್ತ ನೋಡ್ರಿ.

ವೈನಿ ತಂದ ಕಟ್ಟು ನಮ್ಮ ಅಟ್ಟದ ಮ್ಯಾಲೆ ಒಣಗಲಿಕ್ಕತ್ತದ. ಅವರು ಇನ್ನೂ ಫೋನ್ ಮಾಡಿಲ್ಲ.